ಗೂಟ ಬಿಟ್ಟು ಬಂದ ಲಿನಕ್ಸ್

ಸಮಸ್ತ ಕಡೂರು ತಾಲ್ಲೂಕಿನ ಮಹಾಜನಗಳಲ್ಲಿ ಅರಿಕೆ: ನಾನು ಹೊಸ ಲ್ಯಾಪ್‌ಟಾಪ್ ಕೊಳ್ಳುವುದಿಲ್ಲ! ಹಳೆಯದಕ್ಕೇ ಹೊಸ ಡಿಸ್ಕ್ ಸೇರಿಸಿ, ಲ್ಯಾಪ್‌ಟಾಪ್ ನಡೆಸುವ ಲಿನಕ್ಸ್ ತಂತ್ರಾಂಶವನ್ನು ಹಳೇ ಡಿಸ್ಕಿನಿಂದ ಅದಕ್ಕೆ ಅಕ್ಷರ ಬಿಡದೆ ನಕಲು ಮಾಡಿದ್ದೇನೆ. ಆದರೆ ಸ್ವಿಚ್ ಒತ್ತಿದರೆ ಅದು ಕೆಟ್ಟು ಸಾಯುತ್ತಿರುವ ಹಳೇ ಡಿಸ್ಕಿಗೇ ಸೀದಾ ಹೋಗಿ ನಿಲ್ಲುತ್ತದೆ. ರಿಪೇರಿಯವನು "ಗುಜರಿಗೆ ಹಾಕಿ ಸಾರ್" ಎಂದ.

ನಮ್ಮ ಹಸು ಗೌರಿ ನೆನಪಾದಳು. ನನ್ನ ಚಿಕ್ಕಂದಿನಲ್ಲಿ, ಶಿವನಿಯ ಹಳೇ ಮನೆ ಬಿಟ್ಟು ನಾವು ಅಲ್ಲೇ ಸ್ಟೇಷನ್ ಹತ್ತಿರದ ಮನೆಗೆ ಬಂದಾಗ ಒರಳುಕಲ್ಲಿನಿಂದ ಒನಕೆಯವರೆಗೆ ಎಲ್ಲವೂ ಬಂತು. ಗೌರಿ ಮಾತ್ರ ದಿನಾ ಸಂಜೆ ಹಳೇ ಕೊಟ್ಟಿಗೆಗೇ ಹೋಗಿ ಅಂಬಾ ಎನ್ನುತ್ತಿದ್ದಳು.

"ಮಾರ್ಬಿಡಾನ ಕಣವ್ವ, ಇದಕ್ಕೆ ಬುದ್ಧಿ ಇಲ್ಲ" ಅಂದರು ಅಪ್ಪ, ಅಜ್ಜಿಗೆ. ನನಗೆ ಅಳುವೇ ಬಂತು.

ಎಲೆಯಡಿಕೆ ಉಗಿದು ಅಜ್ಜಿ ಎದ್ದಳು. "ಬುದ್ಧಿ ಇಲ್ದೋನು ನೀನು ಕಣೋ! ಎಲ್ಲಾ ಹೊತ್ಕಂಡ್ ಬಂದೆ, ಗೂಟ ಅಲ್ಲೇ ಬಿಟ್ಟೆ. ಹಸು ನಿನ್ನ ಹೊಸ ಮನೆ ಹೆಂಚು ನೋಡ್ಕಂಡ್ ಬತ್ತದಾ, ತನ್ನ ಗೂಟದ ವಾಸ್ನೆ ಹಿಡ್ಕಂಡ್ ಬತ್ತದಾ?" ಹಾರೆ ಹಿಡಿದು ತಾನೇ ಹೋಗಿ, ಹಳೇ ಗೂಟ ಕಿತ್ತು ತಂದು ಹೊಸ ಕೊಟ್ಟಿಗೆಯಲ್ಲಿ ನೆಟ್ಟಳು. ಮಾರನೆಯ ಸಂಜೆ ಗೌರಿ ನಮ್ಮ ಬಾಗಿಲಲ್ಲಿದ್ದಳು.

ನನ್ನ ನಕಲಿನಲ್ಲೂ ಹಳೇ ಡಿಸ್ಕಿನ ಗುರುತಿನ ಸಂಖ್ಯೆಯೇ ಉಳಿದಿತ್ತು. ನಾನೂ ಇವತ್ತು ಹೊಸ ಡಿಸ್ಕಿಗೆ ಬೇರೆ ಸಂಖ್ಯೆ ಕೊಟ್ಟು, ಲಿನಕ್ಸಿನ ಕಡತಗಳಲ್ಲಿ ಹಳೇ ಸಂಖ್ಯೆ ಇದ್ದಲ್ಲೆಲ್ಲ ಅದನ್ನೇ ಬರೆದು, ಸ್ವಿಚ್ ಒತ್ತಿದೊಡನೆ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರನ್ನು ಹೊಸ ಡಿಸ್ಕಿನಲ್ಲೇ ನೆಟ್ಟೆ. ಲಿನಕ್ಸ್ ಹೊಸ ಮನೆಯಲ್ಲೇ ಎದ್ದಿತು! ಇನ್ನು ಹಳೇ ಡಿಸ್ಕ್ ಬಿಚ್ಚಬೇಕು. ನಕ್ಷತ್ರದ ತುದಿಯ ಸಣ್ಣ ಸ್ಕ್ರೂಡ್ರೈವರ್ ಇರುವವರು ಭಾನುವಾರ ತಂದುಕೊಡಿ. ಆ ರಿಪೇರಿಯವನನ್ನಂತೂ ನಾನು ಕೇಳುವುದಿಲ್ಲ.