ರೊಟ್ಟಿ ಕಾಕಿಯ ಎಡಗಾಲು

ಹೋದ ತಿಂಗಳು ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದಾಗ ಯಾವುದೋ ಮನೆಯೊಳಗಿಂದ ಹಿಟ್ಟು ಸೀಯುವ ವಾಸನೆ ಬಂತು. ಜೋಳದ ರೊಟ್ಟಿ ತೆಗೆದ ಮೇಲೆ ಹಂಚಿನ ಅಂಚಿನಲ್ಲಿ ಉಳಿದ ಒಣ ಹಿಟ್ಟು ಕಪ್ಪಾಗುತ್ತದಲ್ಲ, ಆ ವಾಸನೆ. ಹಿಂದೆಯೇ ರೊಟ್ಟಿ ಬಡಿಯುವ ಸಪ್ಪಳ. ನಾನು ನಿಂತುಬಿಟ್ಟೆ. ಒಳಗೆ ಯಾರು ಕೂತಿದ್ದಾರೆಂದು ಇಣುಕಿ ನೋಡುವ ಧೈರ್ಯವಾಗಲಿಲ್ಲ. ರೊಟ್ಟಿ ಕಾಕಿ ಹೋಗಿ ಆಗಲೇ ಏಳು ವರ್ಷ...

ನಾನು ಆಗ ಚಿತ್ತಾಪುರದಲ್ಲಿದ್ದೆ. ಆರೋಗ್ಯ ಇಲಾಖೆಯಲ್ಲಿ ಸಹಾಯಕನ ನೌಕರಿ ಹೊಸದಾಗಿ ಸಿಕ್ಕಿತ್ತು. ನನ್ನೂರು ಸುಲೇಪೇಟದ ಹತ್ತಿರ. ದಿನಾ ಹೋಗಿ ಬರುವುದು ಆಗದ ಮಾತು. ಒಂದು ಕೋಣೆ ಹಿಡಿದಿದ್ದೆ. ಅಡುಗೆ ಬರುತ್ತಿರಲಿಲ್ಲ. ಎರಡು ಹೊತ್ತೂ ಊಟ ಆಸ್ಪತ್ರೆಯ ಹತ್ತಿರದ ಒಂದು ಖಾನಾವಳಿಯಲ್ಲಿ. ನಾಲ್ಕು ಟೇಬಲ್ಲು, ಹಿಂದೆ ಸೊಂಟಮಟ್ಟದ ಒಂದು ಮೋಟುಗೋಡೆ. ಆ ಗೋಡೆಯಾಚೆ ಒಲೆ. ಒಲೆಯ ಮುಂದೆ, ನೆಲದ ಮೇಲೆ, ಒಂದು ಕಾಲು ಮಡಿಚಿ ಇನ್ನೊಂದು ಮೊಣಕಾಲು ಎತ್ತಿ ಕೂತು ಕಾಕಿ ರೊಟ್ಟಿ ಬಡಿಯುತ್ತಿದ್ದಳು. ಮಾಲಕರಿಂದ ಹಿಡಿದು ತಹಶೀಲ್ ಕಚೇರಿಯ ಸಾಹೇಬರವರೆಗೆ ಎಲ್ಲರೂ ಆಕೆಯನ್ನು ಕಾಕಿ ಎಂದೇ ಕರೆಯುತ್ತಿದ್ದರು.

ಊಟಕ್ಕೆ ಕೂತವರಿಗೆ ಆಕೆಯ ತಲೆಯ ಸೆರಗು ಮಾತ್ರ ಕಾಣುತ್ತಿತ್ತು. ಆಗಾಗ ಒಂದು ಕೈ ಮೇಲೆ ಬಂದು, ಉಬ್ಬಿದ ರೊಟ್ಟಿಯನ್ನು ಗೋಡೆಯ ಮೇಲಿನ ಅಗಲ ತಟ್ಟೆಯಂಥ ಪರಾತದಲ್ಲಿ ಇಟ್ಟು ಇಳಿಯುತ್ತಿತ್ತು. ನಾನು ಅಲ್ಲಿ ಉಣ್ಣಲು ಶುರು ಮಾಡಿ ಮೂರು ತಿಂಗಳಾದ ಮೇಲೆ ಒಂದು ದಿನ ಆಕೆ ಎದ್ದು ನಿಂತದ್ದನ್ನು ನೋಡಿದೆ. ನೀರಿನ ಕೊಡ ಖಾಲಿಯಾಗಿತ್ತು. ಮಾಲಕರು ಪೇಟೆಗೆ ಹೋಗಿದ್ದರು. ಗೋಡೆ ಹಿಡಿದು ಎದ್ದಳು. ಎದ್ದವಳು ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಕಾಲುಗಳು ತನ್ನವೇ ಹೌದೋ ಅಲ್ಲವೋ ಎಂದು ಕೇಳುವವಳ ಹಾಗೆ ಕೆಳಗೆ ನೋಡಿಕೊಂಡಳು. ನಾನು ಅಂದುಕೊಂಡದ್ದಕ್ಕಿಂತ ಕಾಕಿ ಬಹಳ ಎತ್ತರ ಇದ್ದಳು.

ಕಾಕಿ ದಂಡೋತಿಯವಳು. ಗಂಡ ಬೇಗ ತೀರಿಕೊಂಡಿದ್ದ. ಒಬ್ಬಳೇ ಮಗಳು, ಅವಳನ್ನು ತೆಂಗಳಿ ಊರಿಗೆ ಕೊಟ್ಟಿತ್ತು. ಇಷ್ಟು ತಿಳಿದದ್ದೂ ಒಂದೊಂದಾಗಿ, ಪರಾತಕ್ಕೆ ರೊಟ್ಟಿ ಬೀಳುವ ನಡುವೆ. ಮುಂಜಾನೆ ಏಳಕ್ಕೆ ಕೂತರೆ ಮಧ್ಯಾಹ್ನ ಮೂರಕ್ಕೆ ಏಳುತ್ತಿದ್ದಳು. ಮತ್ತೆ ಸಂಜೆ ಕೂರುತ್ತಿದ್ದಳು. ನನ್ನನ್ನು ‘ಡಾಕ್ಟರ್ ಸಾಬ್’ ಎನ್ನುತ್ತಿದ್ದಳು. ನಾನು ಡಾಕ್ಟರ್ ಅಲ್ಲ ಎಂದು ಮೊದಮೊದಲು ಎಷ್ಟೋ ಸಲ ಹೇಳಿದೆ. ಆಮೇಲೆ ಬಿಟ್ಟುಬಿಟ್ಟೆ. ಕೇಳಲು ಚೆಂದವೂ ಇತ್ತು ಅನ್ನಿ.

ಹಳ್ಳಿಗಳ ಭೇಟಿ ಮುಗಿಸಿ ಬರುವುದು ನನಗೆ ಎಷ್ಟೋ ದಿನ ತಡವಾಗುತ್ತಿತ್ತು. ಎಲ್ಲರ ಊಟ ಮುಗಿದು ಟೇಬಲ್ಲು ಒರೆಸಿರುತ್ತಿದ್ದರು. ಕಾಕಿ ಮಾತ್ರ ಎರಡು ರೊಟ್ಟಿಯ ಹಿಟ್ಟು ಮುಚ್ಚಿಟ್ಟುಕೊಂಡು ಒಲೆಯ ಮುಂದೆಯೇ ಕೂತಿರುತ್ತಿದ್ದಳು. ಮನೆಗೆ ಹೋಗು ಎಂದು ಮಾಲಕರು ಅಂದರೆ, “ಡಾಕ್ಟರ್ ಸಾಬ್ ಉಂಡಿಲ್ಲ. ತಣ್ಣಂದು ಅವರಿಗಿ ಸೇರಂಗಿಲ್ಲ” ಎನ್ನುತ್ತಿದ್ದಳಂತೆ. ಆಗ ಅದು ನನಗೆ ಬರೀ ಪ್ರೀತಿಯಾಗಿ ಕಂಡಿತು. ನನಗಾಗಿ ಆಕೆ ಎದ್ದೇಳದೆ ಕೂತ ಆ ತಾಸುಗಳ ಲೆಕ್ಕ ಈಗ ಬೇಡವೆಂದರೂ ಮನಸ್ಸಿಗೆ ಬರುತ್ತದೆ...

ಒಂದು ಸಲ ನಮ್ಮ ಕಚೇರಿಗೆ ಚಿತ್ರದ ಹಾಳೆಗಳು ಬಂದವು. ದಿನವಿಡೀ ಕೂತು ಕೆಲಸ ಮಾಡುವವರಿಗೆ ತಿಳುವಳಿಕೆ ಹೇಳಬೇಕು ಎಂದು ಆದೇಶ. ನಾನು ಬ್ಯಾಂಕು, ಕಚೇರಿ ಎಲ್ಲ ಕಡೆ ಹೋಗಿ ಗೋಡೆಗೆ ಹಚ್ಚಿ, ಭಾಷಣ ಮಾಡಿ ಬಂದೆ. ಒಂದು ಹಾಳೆ ಉಳಿದಿತ್ತು. ಊಟದ ಟೇಬಲ್ಲಿನ ಮೇಲೆ ಇಟ್ಟಿದ್ದೆ. ಕಾಕಿ ಗೋಡೆಯಾಚೆಯಿಂದ ಕತ್ತು ಚಾಚಿದಳು.

“ಏನ್ರೀ ಡಾಕ್ಟರ್ ಸಾಬ್, ಏನದು ಹಾಳಿ?”

“ದಿನಾ ಭಾಳ ಹೊತ್ತ ಕುಂತೇ ಇದ್ರ ಸಕ್ಕರಿ ಬ್ಯಾನಿ ಬರ್ತದ ಕಾಕಿ, ಬಿಪಿ ಬರ್ತದ, ಎದಿಗಿ ತ್ರಾಸ ಆಗ್ತದ. ಕಾಲಾಗಿನ ರಕ್ತ ಹೆಪ್ಪುಗಟ್ತದ. ಅರ್ಧ ತಾಸಿಗೊಮ್ಮಿ ಎದ್ದು ತಿರುಗಾಡಬೇಕು.”

ಹಾಳೆಯಲ್ಲಿ ಕಂಪ್ಯೂಟರಿನ ಮುಂದೆ ಬೊಜ್ಜಿನ ಮನುಷ್ಯನೊಬ್ಬ ಕೂತ ಚಿತ್ರ ಇತ್ತು. ಕಾಕಿ ಅದನ್ನು ನೋಡಿ ನಕ್ಕಳು.

“ಇದು ಕುರ್ಚಿ ಮ್ಯಾಲ ಕುಂದ್ರೋರಿಗಿ ಬರೋ ಬ್ಯಾನಿ ಬಿಡ್ರಿ. ನಾ ನೆಲದ ಮ್ಯಾಲ ಕುಂದರ್ತೀನಿ. ನನಗೇನ ಆಗ್ತದ?”

ಉಣ್ಣುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇನ್ನೊಂದು ಬಿಸಿ ರೊಟ್ಟಿ ಹಾಕಿಸಿಕೊಂಡೆ.

ಆ ಚಳಿಗಾಲದಲ್ಲಿ ಎಳ್ಳ ಅಮಾವಾಸ್ಯೆಯ ಹಬ್ಬ ಬಂತು. ನಮ್ಮ ಕಡೆ ಆ ದಿನ ಎಲ್ಲರೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಸೊಪ್ಪು ಕಾಳಿನ ಭಜ್ಜಿ ಪಲ್ಯ. ಊರಲ್ಲಿ ನೌಕರಿಯವರು ಹೆಚ್ಚಾದ ಮೇಲೆ ಎಷ್ಟೋ ಮನೆಯವರು ರೊಟ್ಟಿಯನ್ನು ಖಾನಾವಳಿಗೇ ಹೇಳುತ್ತಿದ್ದರು. ಹಬ್ಬಕ್ಕೆ ಮುಂಚಿನ ನಾಲ್ಕು ದಿನ ಕಾಕಿ ಮುಂಜಾನೆ ಕೂತವಳು ಸಂಜೆಯವರೆಗೆ ಏಳುತ್ತಿರಲಿಲ್ಲ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ನೀರನ್ನೂ ಬಿಟ್ಟಿದ್ದಳು. ಪಕ್ಕದ ತಂಬಿಗೆ ತುಂಬಿದ್ದು ತುಂಬಿದ ಹಾಗೇ ಇರುತ್ತಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನು ಉಣ್ಣಲು ಹೋದಾಗ ಕಾಕಿ ನನ್ನನ್ನು ಗೋಡೆಯಾಚೆ ಕರೆದಳು. ಹಾಗೆ ಎಂದೂ ಕರೆದವಳಲ್ಲ.

“ಜರಾ ಈ ಕಾಲ ನೋಡ್ರಿ. ಎರಡ ದಿನದಿಂದ ಬಿಗ್ಯಾಕತ್ತದ.”

ಸೀರೆ ಸ್ವಲ್ಪ ಸರಿಸಿದಳು. ಎಡಗಾಲಿನ ಮೀನಖಂಡ ಬಾತು ಮಿರಿಮಿರಿ ಹೊಳೆಯುತ್ತಿತ್ತು. ಬಲಗಾಲು ಎಂದಿನ ಹಾಗೇ ತೆಳ್ಳಗಿತ್ತು. ಮುಟ್ಟಿದರೆ ಬೆಚ್ಚಗೆ, ಗಟ್ಟಿ. ಒಂದೇ ಕಾಲು ಹಾಗೆ ಬಾತರೆ ಬಿಡಬಾರದು, ಅದೇ ದಿನ ತೋರಿಸಬೇಕು ಎಂದು ನನಗೆ ಕಲಿಸಿದ್ದರು. ಅದು ನನಗೆ ನೆನಪಿತ್ತು. ಮರೆತಿದ್ದೆ ಎಂದು ಯಾರಿಗೂ ಹೇಳಲಾರೆ.

ಗೋಡೆಯ ಈಚೆ ಗಿರಾಕಿಗಳು ರೊಟ್ಟಿ ರೊಟ್ಟಿ ಎನ್ನುತ್ತಿದ್ದರು. ಮಾಲಕರು ಬುಟ್ಟಿ ಹಿಡಿದು ನಿಂತಿದ್ದರು. ನನಗೂ ಹಸಿವಾಗಿತ್ತು, ಮುಂಜಾನೆಯಿಂದ ಹಳ್ಳಿ ತಿರುಗಿ ಬಂದಿದ್ದೆ. ಈಗ ಈಕೆಯನ್ನು ಎಬ್ಬಿಸಿದರೆ ಎಲ್ಲರ ಹಬ್ಬ ಕೆಡುತ್ತದೆ ಅನಿಸಿತು.

“ಹಬ್ಬ ಮುಗೀಲಿ ಕಾಕಿ. ನಾಡದ್ದು ದವಾಖಾನಿಗಿ ಬರ್ರಿ, ತೋರಸೋಣು” ಎಂದೆ.

“ಆತ್ರಿ. ಮತ್ತ ಹಬ್ಬದ ತನಕ ಕುಂತ್ರ ಏನ ಆಗಲ್ಲಲ್ಲ?”

“ಏನ ಆಗಲ್ಲ.”

ಕಾಕಿಗೆ ಸಮಾಧಾನವಾಯಿತು. ಸೆರಗು ಸರಿಮಾಡಿಕೊಂಡು ಮತ್ತೆ ಹಿಟ್ಟಿಗೆ ಕೈ ಹಾಕಿದಳು. ನಾನು ಉಂಡು ಎದ್ದು ಹೋದೆ...

ಮರುದಿನ ಮುಂಜಾನೆ ಮಾಲಕರು ನನ್ನ ಕೋಣೆಯ ಬಾಗಿಲು ಬಡಿದರು. ಕಾಕಿ ಹಿಟ್ಟು ನಾದಲು ನೀರು ತರಲೆಂದು ಎದ್ದಿದ್ದಳಂತೆ, ನಾಲ್ಕು ಹೆಜ್ಜೆ ಇಟ್ಟು ಎದೆ ಹಿಡಿದುಕೊಂಡು ಬಿದ್ದಳಂತೆ. ನಾನು ಓಡಿ ಹೋದಾಗ ಉಸಿರಿಗಾಗಿ ಒದ್ದಾಡುತ್ತಿದ್ದಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಚೀಟಿ ಮಾಡುವವರು ಹೆಸರು ಕೇಳಿದರು. ಎರಡು ವರ್ಷ ಆಕೆಯ ಕೈಯ ರೊಟ್ಟಿ ಉಂಡಿದ್ದೆ, ಹೆಸರು ಗೊತ್ತಿರಲಿಲ್ಲ. ಮಾಲಕರು ಹಿಂದಿನಿಂದ ಬಂದು ಹೇಳಿದರು.

ಕಲಬುರಗಿಗೆ ಒಯ್ಯಿರಿ ಎಂದು ಆಂಬುಲೆನ್ಸ್ ಕೊಟ್ಟರು. ನಾನು ಪಕ್ಕದಲ್ಲಿ ಕೂತಿದ್ದೆ. ಬಾಯಿಗೆ ಆಮ್ಲಜನಕ ಹಚ್ಚಿದ್ದರಿಂದ ಆಕೆ ಮಾತಾಡಲಿಲ್ಲ. ನನ್ನ ಕೈ ಹಿಡಿದುಕೊಂಡಿದ್ದಳು. ಡಾಕ್ಟರ್ ಸಾಬ್ ಜೊತೆಗೇ ಇದ್ದಾರೆಂಬ ನಂಬಿಕೆ ಆ ಕಣ್ಣಲ್ಲಿ ಇತ್ತು. ಶಹಾಬಾದ್ ದಾಟುವ ಹೊತ್ತಿಗೆ ಆ ಹಿಡಿತ ಸಡಿಲಾಯಿತು... ಕಾಲಿನಲ್ಲಿ ಗಟ್ಟಿಯಾದ ರಕ್ತ ಹರಿದು ಶ್ವಾಸಕೋಶಕ್ಕೆ ಬಂದು ಸಿಕ್ಕಿಕೊಂಡಿದೆ ಎಂದು ಕಲಬುರಗಿಯ ವೈದ್ಯರು ಹೇಳಿದರು. ನನಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಮಣ್ಣು ಮಾಡಿದ್ದು ದಂಡೋತಿಯಲ್ಲಿ. ತೆಂಗಳಿಯಿಂದ ಮಗಳು ಬಂದಿದ್ದಳು. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು, “ನಿಮ್ಮ ಸುದ್ದಿ ಅವ್ವ ಭಾಳ ಹೇಳತಿದ್ಲು. ಕಾಲ ಬಾತಿದ್ದು ನಿಮಗೂ ತೋರಿಸಿದ್ದಿಲ್ಲೇನ್ರಿ?” ಎಂದು ಕೇಳಿದಳು.

ಸುತ್ತಲೂ ಜನ ಇದ್ದರು. ಮಾಲಕರು ನನ್ನ ಮುಖವನ್ನೇ ನೋಡುತ್ತಿದ್ದರು.

“ತೋರಿಸಿದ್ರವ್ವ. ಕೂಡಲೇ ದವಾಖಾನಿಗಿ ನಡಿರಿ ಅಂದೆ. ಕೇಳಲಿಲ್ಲ” ಎಂದುಬಿಟ್ಟೆ.

ಆಕೆ ತಲೆ ಬಗ್ಗಿಸಿಕೊಂಡು ಹೋದಳು.

ಹದಿನೈದು ದಿನದಲ್ಲಿ ಮಾಲಕರು ಗೌಂಡಿಯನ್ನು ಕರೆಸಿ ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿಸಿ, ಮೇಲೆ ಪರಸಿ ಕಲ್ಲಿನ ಚಪ್ಪಡಿ ಹಾಕಿಸಿದರು. ಇಬ್ಬರು ಹೆಣ್ಣುಮಕ್ಕಳು ಬಂದರು. ಒಬ್ಬಳು ನಿಂತು ಬಡಿದರೆ ಇನ್ನೊಬ್ಬಳು ಬೇಯಿಸುತ್ತಿದ್ದಳು, ನಡುನಡುವೆ ಹೊರಗೆ ಹೋಗಿ ಗಾಳಿಗೆ ನಿಲ್ಲುತ್ತಿದ್ದರು. ಗೌಂಡಿಗೆ ಅದು ಒಂದು ದಿನದ ಕೆಲಸವಾಗಿತ್ತು. ಅದನ್ನು ನೋಡುತ್ತಾ ಉಣ್ಣುವುದು ನನ್ನಿಂದ ಆಗಲಿಲ್ಲ. ಮುಂದೆ ಸೇಡಂಗೆ ವರ್ಗ ಕೇಳಿ ಪಡೆದುಕೊಂಡೆ.

ಈಗಲೂ ನನ್ನ ಕೆಲಸ ಅದೇ. ಚಿಂಚೋಳಿ ಕಡೆ, ವಾಡಿ ಕಡೆ ಹೋದಾಗ ರೊಟ್ಟಿ ಬಡಿಯುವವರನ್ನು, ಹೊಲಿಗೆ ಹಾಕುವವರನ್ನು, ಕಲ್ಲು ಒಡೆಯುತ್ತ ಕೂರುವವರನ್ನು ಹುಡುಕಿಕೊಂಡು ಹೋಗಿ ಹೇಳುತ್ತೇನೆ. ಎದ್ದೇಳ್ರಿ, ನಾಲ್ಕು ಹೆಜ್ಜೆ ಹಾಕ್ರಿ, ನೀರು ಬಿಡಬ್ಯಾಡ್ರಿ. ಕೆಲವರು ಕೇಳುತ್ತಾರೆ, ಕೆಲವರು ನಗುತ್ತಾರೆ. ಆದರೆ ತೆಂಗಳಿಗೆ ಮಾತ್ರ ಏಳು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ.

ಆ ಓಣಿಯಲ್ಲಿ ವಾಸನೆ ಬಂದ ಮರುವಾರ ಹೋದೆ. ಮಗಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೊರದಲ್ಲಿ ತೊಗರಿ ಕೇರುತ್ತಾ ಅಂಗಳದಲ್ಲಿ ಇದ್ದಳು. ಗುರುತು ಹಿಡಿದು, “ಬರ್ರಿ ಸರ, ಒಳಗ ಕುಂದ್ರಿ” ಎಂದಳು. ನಾನು ನಿಂತುಕೊಂಡೇ ಹೇಳಿದೆ.

“ಅವತ್ತ ನಾ ಸುಳ್ಳ ಹೇಳಿದ್ನವ್ವ. ನಿಮ್ಮವ್ವ ಕಾಲ ತೋರಿಸಿದ್ರು. ದವಾಖಾನಿಗಿ ನಡಿರಿ ಅಂತ ನಾ ಅನ್ನಲಿಲ್ಲ. ಹಬ್ಬ ಮುಗೀಲಿ, ಏನ ಆಗಲ್ಲ ಅಂದಿದ್ದೆ.”

ಆಕೆಯ ಕೈಯಲ್ಲಿ ಮೊರ ನಿಂತಿತು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಏಳ ವರ್ಷ ಅವ್ವನ ಮ್ಯಾಲೇ ಸಿಟ್ಟ ಇತ್ರೀ ನನಗ” ಎಂದಳು. “ಡಾಕ್ಟರ್ ಹೇಳಿದ್ರೂ ಕೇಳಲಾರದ, ನಾಕ ರೊಟ್ಟಿ ಸಲುವಾಗಿ ನನ್ನ ಬಿಟ್ಟ ಹ್ವಾದ್ಲು ಅಂತ. ವರ್ಷಾ ಅಮಾಸಿಗಿ ಎಡಿ ಇಡಾಗ ಸುದಾ ಬೈತಿದ್ದೆ...”

ಮೊರ ಕೆಳಗಿಟ್ಟು ಎದ್ದು ಒಳಗೆ ಹೋದಳು. ತೆರೆದ ಬಾಗಿಲಿನಿಂದ ಕಾಣುವ ಪಡಸಾಲೆಯ ಗೋಡೆಯಲ್ಲಿ ಕಾಕಿಯ ಫೋಟೋ ಇತ್ತು. ಅದರ ಮುಂದೆ ನಿಂತು, ಬಹಳ ಮೆಲ್ಲಗೆ ಹೇಳಿದಳು: “ಯವ್ವಾ, ನಿನಗ ಯಾರೂ ಹೇಳೇ ಇದ್ದಿಲ್ಲಂತ.”

ನಾನು ಅಂಗಳ ದಾಟಿ ರಸ್ತೆಗೆ ಬಂದೆ. ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು.