ಕೊನೆಯಲ್ಲಿ ಬರೆಯದೆ ಬಿಟ್ಟ ಜಾಗ

ಚಿಕ್ಕಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಾಳೆ. ಅಲ್ಲಿನ ಕಂಪ್ಯೂಟರ್‌ಗಳ ಲಿನಕ್ಸ್ ವ್ಯವಸ್ಥೆಯ ಮ್ಯಾನ್ಯುಯಲ್ ಪುಟದಲ್ಲಿ ಕಮಾಂಡ್, ಅಂದರೆ ಕಂಪ್ಯೂಟರಿಗೆ ಬರೆದು ಕೊಡುವ ಅಪ್ಪಣೆ, ಓದುವುದು ಹೇಗೆಂದು ಹೊಸಬರಿಗೆ ಹೇಳಿಕೊಡುವವಳು ಅವಳೇ. "ಚೌಕ ಕಂಸದೊಳಗೆ ಇರೋದನ್ನ ಬೇಕಾದ್ರೆ ಬರೀರಿ, ಬೇಡ ಅನ್ಸಿದ್ರೆ ಬಿಡಿ. ಕಂಸ ಇಲ್ಲದ್ದನ್ನ ಬಿಟ್ರೆ ಮಾತ್ರ ಕೆಟ್ರಿ. ಮುಂದೆ ಮೂರು ಚುಕ್ಕಿ ಇದ್ರೆ ಅಂಥವು ಎಷ್ಟಾದ್ರೂ ಬರೀಬಹುದು."

ಅವಳ ಅಮ್ಮ, ನನ್ನ ಅಜ್ಜಿ, ತೀರಿಕೊಂಡ ಮೇಲೆ ಅಜ್ಜಿಯ ದನಿಯಲ್ಲಿ ರೆಕಾರ್ಡ್ ಮಾಡಿದ್ದ ಜೋಗುಳ ಉಳಿದದ್ದು ಚಿಕ್ಕಮ್ಮನ ಕಂಪ್ಯೂಟರಿನಲ್ಲಿ ಮಾತ್ರ. ಅದು ಕೆಟ್ಟರೆ ಏನು ಗತಿ ಎಂದು ನನಗೆ ದಿಗಿಲು. "ನಿನ್ನ ಭಯಕ್ಕೆ ಮದ್ದಿಲ್ಲ ಕಣೇ" ಎಂದು ನಗುತ್ತಲೇ ಅವಳು ರೆಕಾರ್ಡ್ ಮಾಡಿಟ್ಟಿದ್ದ ನನ್ನ ಮಗಳ ನಗುವನ್ನೂ ಜೋಗುಳವನ್ನೂ ಒಟ್ಟಿಗೆ ಪೆನ್‌ಡ್ರೈವಿಗೆ ಹಾಕಲು ಕಾಪಿ ಕಮಾಂಡ್ ಬರೆಯತೊಡಗಿದಳು. ಮಗು ಅವಳ ತೊಡೆಯಿಂದ ಜಾರಿತು. ಹಿಡಿಯುವ ಗಡಿಬಿಡಿಯಲ್ಲಿ, ಎಲ್ಲಿಗೆ ಹಾಕಬೇಕೆಂದು ಕೊನೆಗೆ ಬರೆಯಬೇಕಾದ ಜಾಗ, ಪೆನ್‌ಡ್ರೈವಿನ ಹೆಸರು, ಬರೆಯದೆ ಎಂಟರ್ ಒತ್ತಿದಳು. ಹಾಗಾಗಿ ಕೊನೆಯಲ್ಲಿ ಉಳಿದದ್ದು ಜೋಗುಳದ ಫೈಲಿನ ಹೆಸರು. ಕಂಪ್ಯೂಟರ್ ಅದನ್ನೇ ಜಾಗವೆಂದುಕೊಂಡು ಜೋಗುಳವನ್ನು ಅಳಿಸಿ ನಗುವನ್ನು ಅದರ ಮೇಲೆ ಸುರಿಯಿತು.

ಜೋಗುಳದ ಫೈಲು ತೆರೆದರೆ ನನ್ನ ಮಗಳು ಕಿಲಕಿಲ ನಕ್ಕಳು.

"ಕೊನೇದಕ್ಕೆ ಕಂಸ ಇರ್ಲಿಲ್ಲ ಕಣೇ. ದಿನಾ ಹೇಳ್ಕೊಡೋಳು ನಾನೇ" ಎಂದಳು ಚಿಕ್ಕಮ್ಮ.

ಈಗ ಮಗಳನ್ನು ಮಲಗಿಸುವಾಗ ಚಿಕ್ಕಮ್ಮನೇ ಆ ಜೋಗುಳ ಹಾಡುತ್ತಾಳೆ. ಎರಡನೇ ಸಾಲಿಗೆ ಪದ ಮರೆತು ಬರೀ ಗುನುಗುತ್ತಾಳೆ. ನಾನು ಕೇಳಿಸದವಳಂತೆ ಬಟ್ಟೆ ಮಡಿಸುತ್ತೇನೆ.