ಉರಿಯದ ಹುಣ್ಣು

ಕಸ್ತೂರಕ್ಕನ ಕೋಣೆಯ ಬಾಗಿಲಿಗೆ ಚಿಲಕವಿರಲಿಲ್ಲ. ಬಂದವರು ಬಾಯಿ ಬಿಡುವ ಮೊದಲು ಅವರು ತಮ್ಮ ಕುರ್ಚಿಯನ್ನು ಕದಕ್ಕೊತ್ತಿ ಕೂಡುತ್ತಿದ್ದರು. ದಪ್ಪ ಮೈ, ಹೊರಗಿನಿಂದ ಯಾರು ತಳ್ಳಿದರೂ ಕದ ಕದಲುತ್ತಿರಲಿಲ್ಲ. ನವಲಗುಂದದ ಕಡೆಯ ಒಂದು ದವಾಖಾನೆಯಲ್ಲಿ ಗುಪ್ತರೋಗದವರಿಗೆ ತಿಳಿಹೇಳುವ ಕೆಲಸ ಅವರದು.

ನಾನು ಹೋದದ್ದು ಮೈತುಂಬ ಕೆಂಪು ಗಂದೆ ಎದ್ದ ಮೇಲೆ. ಅದಕ್ಕೂ ಮೊದಲು ತುಟಿಗೊಂದು ಹುಣ್ಣಾಗಿತ್ತು. ತಂಬಾಕಿನ ಸುಣ್ಣ ಸುಟ್ಟಿದೆ ಎಂದು ಬೆಣ್ಣೆ ಹಚ್ಚಿಕೊಂಡೆ, ತಾನಾಗಿಯೇ ಮಾಯ್ದಿತ್ತು. ಡಾಕ್ಟರು ರಕ್ತ ನೋಡಿ ಕಸ್ತೂರಕ್ಕನ ಬಳಿ ಕಳಿಸಿದರು.

"ಹುಣ್ಣು ಉರೀತಿತ್ತೇನ್ರಿ?"

"ಇಲ್ರಿ."

"ಸುಣ್ಣ ಸುಟ್ರ ಉರೀಬೇಕಲ್ರಿ. ಉರೀದ ಹುಣ್ಣಿಗೇ ಅಂಜಬೇಕು. ಎಲ್ಲಿ ಹೋಗಿದ್ರಿ?"

ಜಮಖಾನ ಮಾರಲು ಹುಬ್ಬಳ್ಳಿಗೆ ಹೋದಾಗ ಪರಿಚಯವಾದ ಹೆಂಗಸಿನ ವಿಷಯ ತೊದಲುತ್ತ ಹೇಳಿದೆ. "ಬರೀ ಬಾಯಿಂದ ಅಷ್ಟರಿ ಅಕ್ಕಾರ. ಮುಂದ ಏನೂ ಆಗಿಲ್ರಿ."

"ಬಸಿರು ನಿಲ್ಲೂದಿಲ್ಲ ಅಂದ್ರ ಬ್ಯಾನೀನೂ ಬರೂದಿಲ್ಲ ಅಂತ ತಿಳದ್ರೇನು? ಸಿಫಿಲಿಸ್ ಬಾಯಿಂದಾನೂ ಬರತೈತ್ರಿ. ಹುಣ್ಣು ಮಾಯ್ದೈತಿ, ಬ್ಯಾನಿ ರಕ್ತದಾಗ ಕುಂತೈತಿ." ಆಮೇಲೆ ಮೆಲ್ಲಗೆ ಕೇಳಿದರು: "ಮನ್ಯಾಗಿನವರು?"

ನನ್ನ ಹೆಂಡತಿ ಗೌರಿ ಆಗ ನಾಲ್ಕು ತಿಂಗಳ ಬಸುರಿ. ಅದನ್ನೂ ಹೇಳಿದೆ.

"ಹೊಟ್ಟ್ಯಾಗಿನ ಕೂಸಿಗೂ ಹೋಗತೈತಿ. ಸತ್ತು ಹುಟ್ಟಬಹುದು. ಈಗ ಇಂಜೆಕ್ಷನ್ ಕೊಟ್ರ ಉಳಿಸಬಹುದು. ನಾಳೆ ಕರಕೊಂಡ ಬರ್ರಿ."

"ರಕ್ತ ಕಡಿಮಿ ಐತಿ, ಅದಕ್ಕ ಇಂಜೆಕ್ಷನ್ ಅಂತ ಆಕಿಗೆ ನೀವ ಹೇಳಿಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

"ಸುಳ್ಳು ನಾ ಹೇಳಂಗಿಲ್ಲ. ನೀವ ಹೇಳ್ರಿ. ಬೈದ್ರ ಬೈಸ್ಕೋರಿ."

ಹೇಳಿದೆ. ಗೌರಿ ಬೈಯಲಿಲ್ಲ, ನನಗೆ ಅದೇ ಹೆದರಿಕೆಯಾಯಿತು. ರೊಟ್ಟಿ ಬಡಿಯುವುದನ್ನು ಬಿಟ್ಟು ಕೈ ತೊಳೆದು, "ನಡೀರಿ" ಎಂದಳು. ಅವಳ ರಕ್ತದಲ್ಲೂ ರೋಗವಿತ್ತು. ಇಬ್ಬರಿಗೂ ಇಂಜೆಕ್ಷನ್ ಆದವು. ಮಗಳು ಹುಟ್ಟಿ, ತಪಾಸಣೆಗಳೆಲ್ಲ ಮುಗಿದು, ಕೂಸಿಗೆ ಏನೂ ಇಲ್ಲ ಎಂದು ಕಸ್ತೂರಕ್ಕ ಹೇಳುವವರೆಗೆ ಗೌರಿ ನನ್ನ ಮುಖ ನೋಡಿ ಮಾತಾಡಲಿಲ್ಲ. ನಾನೂ ನೆಟ್ಟಗೆ ನಿದ್ದೆ ಮಾಡಲಿಲ್ಲ.

ಅಂದು ಕೈ ಮುಗಿದಾಗ ಅಕ್ಕ ಗದರಿದರು: "ಹೊರಗ ಸಿಕ್ರ ನಮಸ್ಕಾರ ಮಾಡಬ್ಯಾಡ್ರಿ. ಹೆಂಗ ಪರಿಚಯ ಅಂತ ಮಂದಿ ಕೇಳ್ತಾರ." ಮುಂದೆ ಯಮನೂರಿನ ಜಾತ್ರೆಯಲ್ಲಿ ಎದುರಾದಾಗಲೂ ಗುರುತೇ ಇಲ್ಲದವರಂತೆ ಹೋದರು.

ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಅವರ ಮನೆ ಮುಂದೆ ಹತ್ತಾರು ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಅಕ್ಕನ ಅಣ್ಣ, "ಹೆಂಗ ಪರಿಚಯ್ರಿ?" ಎಂದು ಕೇಳಿದರು.

"ಬಿಪಿ ನೋಡತಿದ್ರರಿ" ಎಂದ ನನ್ನ ಬಾಜೂದವನು.

ನಾನೂ "ಬಿಪಿ" ಎನ್ನಲು ಬಾಯಿ ತೆರೆದೆ. ನನ್ನ ಹಿಂದೆ ನಿಂತಿದ್ದ ಗೌರಿ ಮಗಳ ಕೈ ಹಿಡಿದು ಮುಂದೆ ಬಂದಳು.

"ಈಕಿ ಅಕ್ಕಾರು ಉಳಿಸಿಕೊಟ್ಟ ಕೂಸ್ರಿ" ಎಂದಳು.